ಅಳಿಯಲೊಲ್ಲದ ಮದುವೆ

ಮಂದಿಯ ಮದುವೆಯ ಆಲ್ಬಮ್ ಕಟ್ಟುವುದು ನನ್ನ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸ್ಟುಡಿಯೋದವರು ಫೋಟೋ ತೆಗೆದು ನನಗೆ ಕಳಿಸುತ್ತಾರೆ. ನಾನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುತ್ತೇನೆ, ಕಣ್ಣು ಮುಚ್ಚಿಕೊಂಡವರಿಗೆ ಬೇರೆ ಫೋಟೋದಿಂದ ಕಣ್ಣು ತಂದು ಹಚ್ಚುತ್ತೇನೆ, ಊಟದ ಪಂಕ್ತಿಯಲ್ಲಿ ಬಾಯಿ ತೆರೆದವರನ್ನು ಸದ್ದಿಲ್ಲದೆ ಕತ್ತರಿಸಿ ಹಾಕುತ್ತೇನೆ. ಯಾವ ಮದುವೆಗೂ ಹೋಗದೆ ಎಲ್ಲ ಮದುವೆಗಳ ಬೀಗರ ಮುಖ ಗೊತ್ತಿರುವವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಎದುರಾಗುತ್ತಾರೆ. ಅವರ ಗಲ್ಲದ ಮೇಲಿನ ಕಲೆ ತೆಗೆದವಳು ನಾನು, ಅವರಿಗೆ ಮಾತ್ರ ನನ್ನ ಗುರುತಿಲ್ಲ. ಒಮ್ಮೆ ಅಭ್ಯಾಸಬಲದಿಂದ ಒಬ್ಬ ಹೆಣ್ಣುಮಗಳನ್ನು ನೋಡಿ ನಕ್ಕುಬಿಟ್ಟೆ. ಆಕೆ ಪರ್ಸನ್ನು ಎದೆಗವುಚಿಕೊಂಡು ದೂರ ಸರಿದು ನಿಂತಳು.

ಈಗೀಗ ಈ ಕೆಲಸ ಸಾಕಾಗಿದೆ ಎನ್ನಿಸುತ್ತದೆ. ಕೂತು ಕೂತು ಸೊಂಟ ಹಿಡಿದುಕೊಂಡಿದೆ. ಕಣ್ಣು ಸಂಜೆಯ ಹೊತ್ತಿಗೆ ಉರಿಯುತ್ತದೆ. ನಮ್ಮ ಮನೆ ಮಹಡಿಯ ಮೇಲಿದೆ. ಕೆಳಗೆ ಕರದಂಟು ಮಾಡುವವರ ಒಲೆ, ದಿನವಿಡೀ ಬೆಲ್ಲ ಕಾಯುವ ವಾಸನೆ. ಬಂದವರೆಲ್ಲ ಮೂಗರಳಿಸಿ "ಎಷ್ಟ್ ಛಲೋ ವಾಸನಿ" ಎನ್ನುತ್ತಾರೆ. ನನಗೆ ಆ ವಾಸನೆ ಬಂದರೆ ಇನ್ನೂ ಕೆಲಸ ಮುಗಿದಿಲ್ಲ ಎಂಬುದಷ್ಟೇ ನೆನಪಾಗುತ್ತದೆ.

ಅಂಥ ಒಂದು ಮಧ್ಯಾಹ್ನ ಒಬ್ಬ ಹುಡುಗಿ ಮತ್ತು ಅವಳ ಸೋದರಮಾವ ಮೆಟ್ಟಿಲು ಹತ್ತಿ ಬಂದರು. ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದಿದ್ದರು. ಬಾಗಿಲಲ್ಲೇ ನನಗೆ ಹುಡುಗಿಯ ಮುಖ ಗೊತ್ತಾಯಿತು. ಆಲ್ಬಮಿನ ಮೊದಲ ಪುಟದಲ್ಲಿ ಅವಳನ್ನು ದೊಡ್ಡ ಕಮಲದ ಹೂವಿನೊಳಗೆ ಕೂರಿಸಿದ್ದೆ. ಹೂವು ಬೇಡವೆಂದರೂ ಸ್ಟುಡಿಯೋದವನು ಕೇಳಿರಲಿಲ್ಲ. ಈಗ ಅವಳ ಮುಖದ ಹುರುಪೆಲ್ಲ ಇಳಿದುಹೋಗಿತ್ತು. ಮಾವ ಅರವತ್ತರ ಆಸುಪಾಸಿನವರು, ಧೋತರ, ರುಮಾಲು, ಕೈಯಲ್ಲಿ ಗಡಿಯಾರ. ಕೂರಿ ಎಂದರೆ ಕೂರಲಿಲ್ಲ.

"ಬಾಯಾರ, ಈ ಹುಡುಗಿ ಲಗ್ನದ ಫೋಟೋ ನಿಮ್ಮ ಹತ್ರ ಅದಾವಂತಲ್ಲ. ಅವನ್ನ ಅಳಸಬೇಕ್ರಿ. ನಮ್ಮ ಕಣ್ಣ ಮುಂದ ಅಳಸಬೇಕು" ಎಂದರು.

ವಿಷಯ ಹೀಗಿತ್ತು. ಹುಡುಗಿಯ ಸಂಸಾರ ನೆಟ್ಟಗಾಗಲಿಲ್ಲ. ಎರಡೂ ಕಡೆಯ ಹಿರಿಯರು ಕೂತು ಸಂಬಂಧ ಹರಿದಿದ್ದರು. ಅವರ ಬಂಗಾರ ಅವರಿಗೆ, ಇವರು ಕೊಟ್ಟ ಬಾಂಡೆ ಸಾಮಾನು, ತಿಜೋರಿ, ಪಲ್ಲಂಗ ಇವರಿಗೆ. ಎಲ್ಲ ವಾಪಸಾದರೂ ಹುಡುಗನ ಸಿಟ್ಟು ಇಳಿದಿರಲಿಲ್ಲ. ಅವನು ಮದುವೆಯ ಫೋಟೋಗಳನ್ನು ಮೊಬೈಲಿನಲ್ಲಿ ಸ್ಟೇಟಸ್ ಇಡತೊಡಗಿದ. ಇತ್ತ ಮೂಡಲಗಿ ಕಡೆಯ ಒಂದು ಮನೆಯವರು ಬಂದು ಹುಡುಗಿಯನ್ನು ಒಪ್ಪಿಕೊಂಡು ಹೋಗಿದ್ದರು. ಕುರಿ ಸಾಕುವ ಮನೆತನಗಳು. ಅವರಲ್ಲಿ ಹೆಣ್ಣಿಗೆ ಎರಡನೇ ಮದುವೆ, ಉಡಿಕೆ, ಹಿಂದಿನಿಂದಲೂ ನಡೆದುಬಂದದ್ದು, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಹಳೆಯ ಫೋಟೋ ಊರೂರು ತಿರುಗಬಾರದು ಎಂದು ಅವರು ಒಂದೇ ಮಾತು ಹೇಳಿದ್ದರು. ಹಿರಿಯರು ಮತ್ತೆ ಕೂತು, ಹುಡುಗನ ಮೊಬೈಲು ಇಸಿದುಕೊಂಡು ಅಳಿಸಿಸಿ, ಹುಕ್ಕೇರಿಯ ಸ್ಟುಡಿಯೋಕ್ಕೆ ಹೋಗಿ ಅಲ್ಲಿಯೂ ಅಳಿಸಿಸಿದ್ದರು. ಸ್ಟುಡಿಯೋದವನು ಜಾಣ, ತನ್ನ ತಲೆ ಮೇಲಿನದನ್ನು ಇಳಿಸಲು ಗೋಕಾಕದಲ್ಲಿ ಇನ್ನೊಂದು ಕಾಪಿ ಇದೆ ಎಂದು ನನ್ನ ವಿಳಾಸ ಕೊಟ್ಟು ಕೈ ತೊಳೆದುಕೊಂಡಿದ್ದ.

ಕಾಪಿ ಇದ್ದದ್ದು ನಿಜ. ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಇತ್ತು. ನನ್ನ ಕಂಪ್ಯೂಟರಿನಲ್ಲಿ ಮಾಡಿದ ಕೆಲಸವೆಲ್ಲ ತಾನಾಗಿ ಅದರಲ್ಲಿ ಇನ್ನೊಂದು ಪ್ರತಿಯಾಗಿ ಕೂರುವ ಹಾಗೆ ಮಾಡಿಟ್ಟಿದ್ದೆ. ಯಾವುದೋ ಊರಿನ ಹುಡುಗಿಯ ಫೋಟೋ ಎಲ್ಲಿಂದಲೋ ಸೋರಿ ಎಲ್ಲೆಲ್ಲೋ ಹೋದ ಸುದ್ದಿ ಕೇಳಿದ ಮೇಲೆ, ಹೆಣ್ಣುಮಕ್ಕಳ ಮುಖ ಇಟ್ಟುಕೊಂಡವಳು ನಾನೂ ಹುಷಾರಾಗಿರಬೇಕೆಂದು ಅದಕ್ಕೆ ಕೀಲಿ ಹಾಕಿದ್ದೆ. ಪಾಸ್‌ವರ್ಡ್ ಇಲ್ಲದೆ ತೆರೆದರೆ ಒಳಗಿರುವುದು ಯಾರಿಗೂ ಕಾಣುವುದಿಲ್ಲ. ಆ ಪಾಸ್‌ವರ್ಡನ್ನು ಹಳೆಯ ಕಂಪ್ಯೂಟರೇ ನೆನಪಿಟ್ಟುಕೊಂಡಿತ್ತು, ನನ್ನನ್ನು ಎಂದೂ ಕೇಳಲಿಲ್ಲ. ಮಳೆಗಾಲದಲ್ಲಿ ಕರೆಂಟು ಏರಿಳಿದು ಆ ಕಂಪ್ಯೂಟರು ಸುಟ್ಟುಹೋಯಿತು. ಬೆಳಗಾವಿಯಿಂದ ಸೆಕೆಂಡ್ ಹ್ಯಾಂಡ್ ಒಂದನ್ನು ತಂದೆ. ಇದು ಡಿಸ್ಕನ್ನು ಹಚ್ಚಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ. ನನಗೆ ನೆನಪಿಲ್ಲ. ಅಂದಿನಿಂದ ಆ ಡಿಸ್ಕು ಕಪಾಟಿನಲ್ಲಿ ಕೂತಿತ್ತು.

ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. "ನನಗs ತೆರಿಯಾಕ ಬರೂದಿಲ್ರಿ ಕಾಕಾರ. ಯಾರಿಗೂ ಬರೂದಿಲ್ಲ. ಅಳಸಿದ್ರೂ ಅಷ್ಟ, ಬಿಟ್ರೂ ಅಷ್ಟ."

"ಹಂಗಂದ್ರ ಹ್ಯಾಂಗ್ರಿ? ಒಳಗ ಅದಾವಲ್ಲ?"

"ಅದಾವ."

"ಅದಾವ ಅಂದ್ಮ್ಯಾಲೆ ಅದಾವ. ಅಳಸ್ರಿ."

ಅವರ ಮಾತಿನಲ್ಲೂ ಹುರುಳಿತ್ತು. ಅಲ್ಲದೆ ನನಗೂ ಖಾಲಿ ಡಿಸ್ಕು ಬೇಕಾಗಿತ್ತು, ಮುಂದಿನ ಮದುವೆಗಳ ಕಾಲ ಹತ್ತಿರ ಬರುತ್ತಿತ್ತು. ಒಳಗಿನ ಒಂದು ಮದುವೆಯನ್ನಷ್ಟೇ ತೆಗೆಯಲು ತೆರೆಯಬೇಕು. ತೆರೆಯಲು ಆಗದಿದ್ದರೆ ಇಡೀ ಡಿಸ್ಕನ್ನೇ ಅಳಿಸಿ ಹೊಸದು ಮಾಡಬೇಕು, ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಡಿಸ್ಕನ್ನು ಹಚ್ಚಿದೆ. ಪಾಸ್‌ವರ್ಡ್ ಕೇಳಿತು, ಬೇಡವೆಂದೆ. ಅಳಿಸು ಎಂಬುದನ್ನು ಒತ್ತಿದೆ. ನೀಲಿ ಪಟ್ಟಿ ತೆವಳಿಕೊಂಡು ಅರ್ಧದವರೆಗೆ ಬಂದು ನಿಂತಿತು. ಆಮೇಲೆ ಡಿಸ್ಕು ಬಳಕೆಯಲ್ಲಿದೆ, ಅಳಿಸಲಾಗಲಿಲ್ಲ ಎಂದಿತು. ಮತ್ತೆ ಒತ್ತಿದೆ. ಮತ್ತೆ ಅದೇ.

"ಏನಂತೈತ್ರಿ?" ಮಾವ ಬಗ್ಗಿ ನೋಡಿದರು.

"ಅಳಸಾಕ ಬರೂದಿಲ್ಲ ಅಂತೈತಿ."

"ಯಾರು ಅನ್ನಾಕತ್ತಾರ?"

"ಕಂಪ್ಯೂಟರ್ ರಿ."

"ಅದನ್ನ ಕೇಳೂದೇನೈತ್ರಿ? ನಿಮ್ಮದಲ್ಲೇನದು?" ಅವರ ದನಿ ಏರಿತು. "ತೆರಿಯಾಕ ಬರೂದಿಲ್ಲ ಅಂತೀರಿ, ಅಳಸಾಕ ಬರೂದಿಲ್ಲ ಅಂತೀರಿ. ಮತ್ಯಾತಕ್ಕ ಇಟ್ಗೊಂಡೀರಿ?"

ತಂತಿ ಕಿತ್ತು ಹಚ್ಚಿದೆ, ಕಂಪ್ಯೂಟರು ಆರಿಸಿ ಹೊತ್ತಿಸಿದೆ. ಆ ಡಿಸ್ಕಿಗೆ ಅದೆಲ್ಲಿಯ ಹಟವೋ. ನನಗೆ ಅಳು ಬರುವಷ್ಟು ಬೇಸರವಾಗಿತ್ತು. ಹೆರವರ ಮನೆಯ ಮದುವೆ, ಹೆರವರ ಮನೆಯ ಜಗಳ, ನಾನು ಯಾಕೆ ಇದರ ನಡುವೆ ಬೆವರುತ್ತಿದ್ದೇನೆ ಅನ್ನಿಸಿತು.

ಮಾವ ಕಿಟಕಿಯಿಂದ ಕೆಳಗೆ ನೋಡಿ, "ಅಲ್ಲೊಂದು ಕಲ್ಲ ಐತಿ. ಅದರ ಮ್ಯಾಲಿಟ್ಟು ಜಜ್ಜಿಬಿಡೂಣು. ಮುಗದು ಹೋಗ್ಲಿ" ಎಂದರು.

ನನಗೂ ಅದು ಸರಿಯೆನ್ನಿಸಿತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಮೊದಲ ಏಟು ನಾನೇ ಹಾಕುತ್ತಿದ್ದೆ. ಆದರೆ ಅಲ್ಲಿಯವರೆಗೆ ಮಾತೇ ಆಡದಿದ್ದ ಹುಡುಗಿ ಡಿಸ್ಕಿನ ಮೇಲೆ ಕೈ ಇಟ್ಟಳು.

"ಜಜ್ಜೂದು ಬ್ಯಾಡ್ರಿ. ಇನ್ನೊಂದ್ ಸಲ ಬರ್ತೀವಿ. ಅಕ್ಕಾರು ಅಷ್ಟರಾಗ ನೋಡ್ತಾರ."

ಮಾವ ಗೊಣಗುತ್ತ ಬಸ್ಸಿನ ವೇಳೆ ಕೇಳಿ ಬರಲು ಕೆಳಗಿಳಿದರು. ಅವರ ಚಪ್ಪಲಿಯ ಸದ್ದು ಮರೆಯಾದದ್ದೇ ಹುಡುಗಿ ನನ್ನತ್ತ ತಿರುಗಿದಳು.

"ಅಕ್ಕಾರ, ಹ್ಯಾಂಗರ ಮಾಡಿ ಒಂದ್ ಸಲ ತೆರೀರಿ. ಒಂದು ಫೋಟೋ ಅಷ್ಟ ತಗೊಂಡು ಉಳದದ್ದು ಅಳಸ್ರಿ. ನಮ್ಮಪ್ಪಂದು ಐತ್ರಿ ಅದರಾಗ. ನನ್ನ ಬಾಜೂ ನಿಂತು ತಲಿ ಮ್ಯಾಲೆ ಕೈ ಇಟ್ಟಾನಲ್ಲ, ಅದು."

ನನಗೆ ತಕ್ಷಣ ನೆನಪಾಯಿತು. ಏಕೆಂದರೆ ಆ ಫೋಟೋ ಯಾರೂ ತೆಗೆದದ್ದಲ್ಲ, ನಾನೇ ಮಾಡಿದ್ದು. ನಮ್ಮ ಕಡೆ ಇದೊಂದು ರೂಢಿ. ತೀರಿಹೋದ ಅಪ್ಪನೋ ಅವ್ವನೋ ಅಜ್ಜನೋ ಇದ್ದರೆ, ಮನೆಯವರು ಅವರದೊಂದು ಸಣ್ಣ ಫೋಟೋ ಕಳಿಸುತ್ತಾರೆ. ಅವರನ್ನು ವಧುವರರ ಪಕ್ಕ ನಿಲ್ಲಿಸಿ, ಆಶೀರ್ವಾದ ಮಾಡಿದ ಹಾಗೆ ಆಲ್ಬಮಿನಲ್ಲಿ ಕೂಡಿಸಬೇಕು. ಈ ಹುಡುಗಿಯ ಅಪ್ಪ ಕುರಿ ಹಿಂಡಿನ ಹಿಂದೆ ಊರೂರು ಅಡ್ಡಾಡಿದ ಮನುಷ್ಯ. ಕ್ಯಾಮೆರಾದ ಮುಂದೆ ನಿಂತದ್ದು ಯಾವುದೋ ಕಾರ್ಡಿನ ಸಲುವಾಗಿ ಒಮ್ಮೆ, ಅದೂ ಬೈಸಿಕೊಂಡವನ ಹಾಗೆ ಬಿಗಿಯಾಗಿ. ಆ ಸಣ್ಣ ಮುಖಕ್ಕೆ ಮೈ ಬೇಕಿತ್ತು. ಮದುವೆಯ ಫೋಟೋಗಳಲ್ಲಿ ಹುಡುಕಿ, ಭುಜದ ಅಳತೆ ಸರಿಹೊಂದುವ ಧೋತರದ ಒಬ್ಬ ಹಿರಿಯರನ್ನು ಹಿಡಿದು, ಅವರ ತಲೆ ತೆಗೆದು ಇವನ ತಲೆ ಕೂಡಿಸಿದ್ದೆ.

"ತಂಗಿ, ಒಂದ್ ಮಾತ್ ಹೇಳ್ಲೇನು? ಮಾರಿ ಅಷ್ಟ ನಿಮ್ಮಪ್ಪಂದು. ಮೈ ಬ್ಯಾರೇದವರದು."

"ಗೊತ್ತೈತ್ರಿ. ಅದು ನಮ್ಮತ್ತಿ ಮನಿ ದೊಡ್ಡ ಮಾವನ ಮೈ. ಉಂಗರ ನೋಡಿ ಗುರ್ತ ಹಿಡದೆ. ನಮ್ಮಪ್ಪ ಉಂಗರ ಎಲ್ಲಿ ಹಾಕ್ತಿದ್ದ." ಅವಳು ಸ್ವಲ್ಪ ನಕ್ಕಳು. "ಆದ್ರೂ ಅಪ್ಪ ನಿಂತದ್ದು ಅದೊಂದರಾಗ ಅಷ್ಟ ನೋಡೇನ್ರಿ. ಆಲ್ಬಮ್ ಹೊಳ್ಳಿ ಬಂದಾಗ ಅದೊಂದನ್ನ ಹರಕೋಬೇಕು ಅನ್ಕೊಂಡಿದ್ದೆ. ಮಾಮಾ ಅಷ್ಟರಾಗ ಒಲಿಗೆ ಹಾಕಿಬಿಟ್ಟಿದ್ದ. ಅವಂಗ ಗೊತ್ತಿಲ್ಲ."

ಅವಳು ತನ್ನ ನಂಬರು ಕೊಟ್ಟು, ಕೆಳಗಿಳಿದು ಹೋದಳು. ನಾನು ಆ ಡಿಸ್ಕನ್ನು ನೋಡುತ್ತ ಕೂತೆ. ಅದರೊಳಗಿನ ಎಲ್ಲ ಮದುವೆಗಳು ಹಾಳಾಗಿ ಹೋಗಲಿ, ಆ ಒಂದು ಫೋಟೋ ಬೇಕಿತ್ತು.

ಮುಂದಿನ ದಿನಗಳಲ್ಲಿ ಬೇರೆ ಕೆಲಸ ಬದಿಗಿಟ್ಟು ಪಾಸ್‌ವರ್ಡಿನ ಬೆನ್ನು ಬಿದ್ದೆ. ಮನೆದೇವರ ಹೆಸರು, ತವರೂರು, ಮಗಳ ಹುಟ್ಟಿದ ದಿನ, ಗಂಡನ ಗಾಡಿಯ ನಂಬರು, ನಮ್ಮ ಮನೆಯಲ್ಲಿದ್ದ ಬೆಕ್ಕಿನ ಹೆಸರು ಕೂಡ ಹಾಕಿದೆ. ಕೀಲಿ ಹಾಕುವ ಹೊತ್ತಿನಲ್ಲಿ ನನಗೆ ಯಾವ ದೇವರು ನೆನಪಾಗಿದ್ದನೋ. ಗಂಡ ಮಧ್ಯಾಹ್ನ ಊಟಕ್ಕೆ ಕೂತಾಗ, "ನನ್ನ ಹೆಸರು ಹಾಕಿ ನೋಡಿಯೇನು?" ಎಂದರು. ಅದನ್ನು ಹಾಕಿರಲಿಲ್ಲ. ಹಾಕಿದೆ, ಅದೂ ಅಲ್ಲ. "ಅದು ಆಗಿರೂದಿಲ್ಲ ಅಂತ ನನಗ ಮೊದಲs ಗೊತ್ತಿತ್ತು" ಎಂದು ಅನ್ನ ಕಲಸಿಕೊಂಡರು.

ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಯ್ದೆ. ಕೀಲಿ ಒಡೆಯುವುದು ಯಾರ ಕೈಯಲ್ಲೂ ಆಗುವುದಿಲ್ಲ, ಹೊಸ ಡಿಸ್ಕು ತಗೊಳ್ಳಿ ಎಂದರು. ಕೀಲಿ ಅಷ್ಟು ಗಟ್ಟಿ ಇರಲಿ ಎಂದೇ ನಾನು ಹಾಕಿದ್ದು. ಹೆಣ್ಣುಮಕ್ಕಳನ್ನು ಕಾಯಲಿಕ್ಕೆ ಹಾಕಿದ ಕೀಲಿ ಒಬ್ಬ ಹೆಣ್ಣುಮಗಳ ಅಪ್ಪನನ್ನೇ ಒಳಗೆ ಹಾಕಿಕೊಂಡು ಕೂತಿತ್ತು. ಇದಕ್ಕೆ ಯಾರನ್ನು ಬೈಯುವುದು ತಿಳಿಯಲಿಲ್ಲ.

ಕೊನೆಗೆ ಹುಡುಗಿಗೆ ಫೋನು ಮಾಡಿ, ಆಗುವುದಿಲ್ಲ ಎಂದೆ. ಆ ಕಡೆಯಿಂದ ಕುರಿಗಳು ಒದರುವುದು ಕೇಳಿತು. ಆಮೇಲೆ, "ಹಂಗಾರ ಅಳಸಿಬಿಡ್ರಿ. ಮೂಡಲಗಿಯವರು ಲಗೂನ ಬರ್ತಾರ. ಎಲ್ಲಾ ಅಳಿಸೇವಿ ಅಂತ ಮಾಮಾ ಅವರಿಗೆ ಮಾತ್ ಕೊಡಬೇಕಲ್ರಿ" ಎಂದಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಅಳಲಿಲ್ಲ.

ಅಳಿಸುವುದಾದರೂ ಹೇಗೆ? ಆ ಡಿಸ್ಕು ಇನ್ನೂ ಅದೇ ಹಾಡು ಹಾಡುತ್ತಿತ್ತು. ಸಿಟ್ಟಿನಿಂದ ಪರದೆಯ ಮೇಲಿನ ಒಂದೊಂದೇ ಪಟ್ಟಿ ತೆಗೆದು ಓದುತ್ತ ಹೋದೆ. ಆಗ ಎರಡು ಸಂಗತಿ ಕಂಡವು. ಮೊದಲನೆಯದು, ಹೊಸ ಕಂಪ್ಯೂಟರು ತಂದ ದಿನವೇ ಅದರಲ್ಲೂ ಪ್ರತಿ ಇಡುವ ಕೆಲಸಕ್ಕೆ ನಾನು ಅದೇ ಡಿಸ್ಕನ್ನು ಹಚ್ಚಿಕೊಟ್ಟಿದ್ದೆ. ಹೀಗಾಗಿ ನಾನು ಒಂದು ಕೈಯಿಂದ ಅಳಿಸು ಎನ್ನುತ್ತಿದ್ದರೆ ಕಂಪ್ಯೂಟರು ಇನ್ನೊಂದು ಕಡೆಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಎರಡನೆಯದು, ನಾನು ಇಷ್ಟು ದಿನ ಅಳಿಸಲು ಹೊರಟದ್ದು ಡಿಸ್ಕಿನೊಳಗಿನ ಕೀಲಿ ಹಾಕಿದ ಕೋಣೆಯನ್ನು, ಇಡೀ ಡಿಸ್ಕನ್ನಲ್ಲ. ಎಲ್ಲವನ್ನೂ ತೋರಿಸು ಎಂಬುದನ್ನು ಒತ್ತಿದಾಗ ಆ ಕೋಣೆಯ ಮೇಲೆ ಇನ್ನೊಂದು ಸಾಲು ಕಾಣಿಸಿತು. ಅದೇ ಡಿಸ್ಕು. ಅಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ. ಹಿಡಿತ ಬಿಡಿಸಿ, ಮೇಲಿನ ಸಾಲನ್ನು ಆರಿಸಿ ಅಳಿಸಬೇಕು, ಇಷ್ಟೇ. ನಾನು ಒತ್ತಲಿಲ್ಲ. ಅವರ ಕಣ್ಣೆದುರಿಗೇ ಆಗಬೇಕಿತ್ತು.

ಅವರು ಮತ್ತೆ ಬಂದರು. ಈ ಸಲ ಮಾವ ಕೂತರು. ಇಬ್ಬರೂ ನನ್ನ ಹಿಂದೆ ಕುರ್ಚಿ ಹಾಕಿಕೊಂಡು, ಟಿ.ವಿ. ನೋಡುವವರ ಹಾಗೆ ಪರದೆ ನೋಡಿದರು. ಒತ್ತುವ ಮುಂಚೆ ನಾನು ತಿರುಗಿ ಹುಡುಗಿಯ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಒತ್ತಿದೆ. ನೀಲಿ ಪಟ್ಟಿ ಒಂದೇ ಉಸುರಿಗೆ ಆ ತುದಿ ಮುಟ್ಟಿತು. ಡಿಸ್ಕು ಖಾಲಿ.

"ಇಷ್ಟs?" ಎಂದರು ಮಾವ. ಅವರಿಗೆ ನಿರಾಸೆಯಾದಂತಿತ್ತು. "ನಾವು ಹಿರ್ಯಾರು ಕುಂತು ಮುರೀಬೇಕಾದ್ರ ಮುಂಜಾನಿಂದ ಸಂಜಿತನಕ ಆಗಿತ್ತು."

"ಇದಕ್ಕೂ ಭಾಳ ದಿನ ಹಿಡೀತ್ರಿ ಕಾಕಾರ" ಎಂದೆ.

ಅವರು ಎದ್ದು ರುಮಾಲು ಸರಿಮಾಡಿಕೊಂಡರು. ಕೆಲಸ ಮುಗಿದಿತ್ತು, ಬಸ್ಸು ಹಿಡಿಯಬೇಕಿತ್ತು. ಹುಡುಗಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ, ಖಾಲಿ ಪರದೆಯನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅವಳ ಒಪ್ಪಿಗೆ ಕೇಳದೆ ಮಾವನಿಗೆ ಎಲ್ಲ ಹೇಳಿಬಿಟ್ಟೆ. ಈ ಡಿಸ್ಕಿನಲ್ಲಿ ಅವಳಪ್ಪನ ಫೋಟೋ ಇತ್ತು, ಒಲೆಗೆ ಹೋದ ಆಲ್ಬಮಿನಲ್ಲೂ ಅದೇ ಇತ್ತು, ಈಗ ಎಲ್ಲಿಯೂ ಇಲ್ಲ.

ಮಾವ ನಿಂತಲ್ಲೇ ನಿಂತರು. "ನನಗ್ಯಾಕ ಹೇಳ್ಲಿಲ್ಲವ್ವಾ?" ಎಂದು ಹುಡುಗಿಯನ್ನು ಕೇಳಿದರು.

"ನೀ ಕೇಳ್ಲಿಲ್ಲ ಮಾಮಾ. ಸಿಟ್ಟಿನಾಗ ಇದ್ದಿ."

ಅವರು ಮತ್ತೆ ಕೂತರು. ಕೆಳಗೆ ಬೆಲ್ಲದ ಕಡಾಯಿ ಕೆರೆಯುವ ಸದ್ದು ಕೇಳುತ್ತಿತ್ತು. ಅವರ ಭುಜಗಳು ನನ್ನ ಕಣ್ಣಿಗೆ ಬಿದ್ದದ್ದು ಆಗ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಯಾರ ಮೈ ನೋಡಿದರೂ ಅಳತೆಯೇ ಕಾಣುವುದು.

"ನಿಮ್ಮಪ್ಪನ ಸಣ್ಣ ಫೋಟೋ ಐತೇನು ತಂಗಿ?"

ಇತ್ತು. ಮೊಬೈಲಿನ ಕವರಿನ ಹಿಂದೆ ಇಟ್ಟುಕೊಂಡಿದ್ದಳು.

"ಹಂಗಾರ ಕಾಕಾರ ನಿಂದರ್ರಿ. ಮೈ ನಿಮ್ಮದು, ಮಾರಿ ಅವರದು."

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎದ್ದರು. ಗೋಡೆಗೆ ಬಿಳಿ ಚಾದರ ಕಟ್ಟಿದೆ. ಅವರು ಧೋತರದ ಚುಂಗು ಸರಿಮಾಡಿಕೊಂಡು, ನನ್ನ ಅಡುಗೆಮನೆಯ ನಲ್ಲಿಯಲ್ಲಿ ಮುಖ ತೊಳೆದು ಬಂದರು. ಮುಖ ಬೇಕಾಗಿಲ್ಲ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಹುಡುಗಿ ಅವರ ಪಕ್ಕ ನಿಂತು ಅವರ ಕೈ ನೋಡಿದಳು.

"ಗಡಿಯಾರ ತಗಿ ಮಾಮಾ. ಅಪ್ಪ ಕಟ್ಟತಿದ್ದಿಲ್ಲ."

ಅವರು ಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಉಂಗುರವಂತೂ ಮೊದಲೇ ಇರಲಿಲ್ಲ. ಮಣಿಕಟ್ಟಿನ ಸುತ್ತ ಗಡಿಯಾರ ಕಟ್ಟಿದ ಜಾಗ ಬೆಳ್ಳಗಿತ್ತು, ಅದನ್ನು ಆಮೇಲೆ ಸರಿಮಾಡಬಹುದು ಎಂದುಕೊಂಡೆ. ಕ್ಯಾಮೆರಾ ಹಿಡಿದು, ತಲೆಯ ಮೇಲೆ ಕೈ ಇಡಿ ಎಂದೆ. ಮೊದಲು ಬೆರಳ ತುದಿಯಷ್ಟೇ ಮುಟ್ಟಿಸಿದರು. ಪೂರ್ತಿ ಇಡಿ ಎಂದೆ. ಇಟ್ಟರು. ಒಂದೆರಡು ತೆಗೆದೆ.

"ಆತ್ರಿ ಕಾಕಾರ" ಎಂದೆ.

ಅವರು ಕೈ ತೆಗೆಯಲಿಲ್ಲ. ಹುಡುಗಿಯೂ ಸರಿಯಲಿಲ್ಲ. ಫೋನಿನಲ್ಲಿ ಬಾರದ ಅಳು ಈಗ ಬಂತು, ಸದ್ದಿಲ್ಲದೆ. ನಾನು ಕಂಪ್ಯೂಟರಿನತ್ತ ತಿರುಗಿ ಫೋಟೋ ಇಳಿಸಿಕೊಳ್ಳುವ ನೆಪ ಮಾಡಿದೆ. ಹಾಗೆ ಇಳಿಸುವಾಗ ಎಲ್ಲಿ ಇಡಬೇಕೆಂದು ಕಂಪ್ಯೂಟರು ಕೇಳಿತು. ಈಗಷ್ಟೇ ಖಾಲಿಯಾದ ಡಿಸ್ಕಿನಲ್ಲೇ ಇಟ್ಟೆ.

ಸಣ್ಣ ಮುಖವನ್ನು ದೊಡ್ಡದು ಮಾಡಿ, ಬೆಳಕು ಹೊಂದಿಸಿ, ಮಾವನ ರುಮಾಲಿನ ಕೆಳಗೆ ಕೂಡಿಸಿದೆ. ಅಳತೆ ಚೆನ್ನಾಗಿ ಕೂತಿತು. ಬಸ್ಸು ಹೋಗಿಬಿಟ್ಟಿತ್ತು. ಅದರ ಮಾತು ಯಾರೂ ಎತ್ತಲಿಲ್ಲ. ಪರದೆಯಲ್ಲಿ ಅವಳಪ್ಪ ಮೊದಲಿನ ಹಾಗೇ ಬಿಗಿಯಾಗಿ ನೋಡುತ್ತಿದ್ದ, ಕೈ ಮಾತ್ರ ಮಗಳ ತಲೆ ತುಂಬ ಇತ್ತು. ಹುಡುಗಿ ಬಹಳ ಹೊತ್ತು ನೋಡಿದಳು.

"ಮಾಮಾನ ಮಾರಿ ಇದ್ದದ್ದೂ ಒಂದು ಕೊಡ್ರಿ" ಎಂದಳು. "ಎರಡೂ ಬೇಕ್ರಿ ನನಗ."

ಎರಡನ್ನೂ ಪ್ರಿಂಟ್ ತೆಗೆದುಕೊಟ್ಟೆ. ಮಾವ ಗಡಿಯಾರ ಕಟ್ಟಿಕೊಳ್ಳುತ್ತಿದ್ದರು. ಮೂಡಲಗಿಯವರಿಗೆ ಅವರು ಮಾತು ಕೊಡಬೇಕಾದದ್ದು ನೆನಪಾಗಿ, "ನನ್ನ ಕಡೆ ಉಳದದ್ದು ಇವೆರಡ ರಿ. ಇವನ್ನೂ ಅಳಸಲೇನು?" ಎಂದು ಕೇಳಿದೆ.

ಅವರು ಬಾಗಿಲ ಬಳಿ ಹೋದವರು ತಿರುಗಿ ಬಂದು, ಮೇಜಿನ ಮೇಲಿನ ಡಿಸ್ಕನ್ನು ಒಮ್ಮೆ ಮುಟ್ಟಿ ನೋಡಿದರು.

"ಬ್ಯಾಡ್ರಿ ಬಾಯಾರ. ಇವು ಇರ್ಲಿ. ಆದ್ರ ಕೀಲಿ ಹಾಕಬ್ಯಾಡ್ರಿ."